ಜೀನ್ ರಿಪೋರ್ಟ್‌ನಲ್ಲಿ ಒಂದೇ ಒಂದು ಬದಲಾವಣೆ: ತಂಗಿಯ ಹೃದಯದ ಚಾನೆಲ್ ಕೆಟ್ಟಿದೆ ಅಂತ ಅರ್ಥವೇ?

ಓದುಗರ ಪ್ರಶ್ನೆ: ನನ್ನ ತಂಗಿಗೆ 24 ವರ್ಷ. ಎರಡು ತಿಂಗಳ ಹಿಂದೆ ಬೆಳಗಿನ ಜಾವ ಅಲಾರಂ ಹೊಡೆದಾಗ ದಡಕ್ಕನೆ ಎದ್ದು ಕೂತಳು, ಹಾಗೇ ಪ್ರಜ್ಞೆ ತಪ್ಪಿ ಬಿದ್ದಳು. ಅರ್ಧ ನಿಮಿಷದಲ್ಲಿ ಎಚ್ಚರವಾಯಿತು. ಇಸಿಜಿಯಲ್ಲಿ ಕ್ಯೂಟಿಸಿ (ಒಂದು ಬಡಿತದಲ್ಲಿ ಹೃದಯದ ವಿದ್ಯುತ್ ಏರಿ ಮತ್ತೆ ಶಾಂತವಾಗಲು ಹಿಡಿಯುವ ಹೊತ್ತು) 478 ಮಿಲಿಸೆಕೆಂಡ್ ಬಂತು, ಮತ್ತೆ ಮಾಡಿಸಿದಾಗಲೂ ಅಷ್ಟೇ. ಡಾಕ್ಟರು ಬೀಟಾ ಬ್ಲಾಕರ್ (ಅಡ್ರಿನಾಲಿನ್ನಿನ ಹೊಡೆತ ತಗ್ಗಿಸುವ ಮಾತ್ರೆ) ಶುರು ಮಾಡಿ ಜೀನ್ ಪರೀಕ್ಷೆ ಮಾಡಿಸಿದರು. ಕೆಸಿಎನ್‌ಎಚ್2 ಅನ್ನೋ ಜೀನ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ, ಅದು 'ಪಾಸ್' ಭಾಗದಲ್ಲಿದೆ, 'ಅರ್ಥ ಖಚಿತವಿಲ್ಲದ ಬದಲಾವಣೆ' ಅಂತ ಬರೆದಿದ್ದಾರೆ. ನಾನು ಆಲ್ಫಾಫೋಲ್ಡ್‌ನಲ್ಲಿ ಆ ಪ್ರೋಟೀನಿನ ಚಿತ್ರ (ಅದರ ಆಕಾರವನ್ನು ಕಂಪ್ಯೂಟರ್ ಊಹಿಸಿದ್ದು) ತೆಗೆದು ನೋಡಿದೆ. ಬದಲಾದ ಜಾಗ ಮಧ್ಯದ ರಂಧ್ರದಿಂದ ತುಂಬಾ ದೂರ ಇದೆ. ಹಾಗಾದರೆ ಇದು ನಿರಪಾಯಕಾರಿ ಅಲ್ವಾ? ಮಾತ್ರೆ ನಿಲ್ಲಿಸಬಹುದಾ? ಇದು ಪೊಟ್ಯಾಸಿಯಂ ಚಾನೆಲ್ ಅಂತೆ, ಪೊಟ್ಯಾಸಿಯಂ ಜಾಸ್ತಿ ಕೊಟ್ಟರೆ ಸರಿಹೋಗುತ್ತಾ? ನಾನೂ ಜೀನ್ ಪರೀಕ್ಷೆ ಮಾಡಿಸಬೇಕಾ?

ಉತ್ತರ:

ಮೊದಲು ಒಂದು ಮಾತು, ಉಳಿದದ್ದು ಆಮೇಲೆ. ಮಾತ್ರೆ ನಿಲ್ಲಿಸಬೇಡಿ. ಬೀಟಾ ಬ್ಲಾಕರ್‌ ಅನ್ನು ತಟ್ಟನೆ ಬಿಡುವುದೇ ಒಂದು ಅಪಾಯ. ಅದನ್ನು ಶುರು ಮಾಡಿದ್ದು ಜೀನ್ ರಿಪೋರ್ಟ್ ನೋಡಿ ಅಲ್ಲ. ಅಲಾರಂ ಸದ್ದಿಗೆ ಬಿದ್ದಿದ್ದು, ಇಸಿಜಿಯಲ್ಲಿ ಎರಡು ಸಲ 478 ಬಂದಿದ್ದು, ಇವೆರಡನ್ನು ನೋಡಿ. ಕ್ಯೂಟಿ ಅನ್ನುವ ಈ ಹೊತ್ತು ಉದ್ದವಾಗುವ ರೋಗಕ್ಕೆ ಲಾಂಗ್ ಕ್ಯೂಟಿ ಅನ್ನುತ್ತಾರೆ. ರಿಪೋರ್ಟ್ ಏನೇ ಹೇಳಲಿ, ಆ ಎರಡು ಸಂಗತಿ ಹಾಗೇ ಇರುತ್ತವೆ.

ನಾನು ಡಾಕ್ಟರ್ ಅಲ್ಲ. ಚಾನೆಲ್ ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂನಂಥವು ದಾಟಿ ಹೋಗಲು ಬಾಗಿಲಿನ ಹಾಗೆ ಇರುವ ಪ್ರೋಟೀನ್. ಇಂಥ ಚಾನೆಲ್‌ಗಳ ರಚನೆ ಮತ್ತು ಕೆಲಸವನ್ನು ಲ್ಯಾಬ್‌ನಲ್ಲಿ ನೋಡುವವನು. ಹೃದ್ರೋಗ ತಜ್ಞರು ಇಂಥ ರಿಪೋರ್ಟ್ ಹಿಡಿದು ನಮ್ಮ ಹತ್ತಿರ ಬರುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಯ ನಡುಭಾಗಕ್ಕೆ, ಅಂದರೆ 'ರಂಧ್ರದಿಂದ ದೂರ ಇದ್ದರೆ ಭಯವಿಲ್ಲ ಅಲ್ವಾ' ಅನ್ನೋದಕ್ಕೆ, ಸ್ವಲ್ಪ ವಿವರವಾಗಿಯೇ ಉತ್ತರ ಕೊಡುತ್ತೇನೆ. ಆ ಊಹೆ ಸಹಜ. ಆದರೆ ತಪ್ಪು. ಯಾಕೆ ತಪ್ಪು ಅಂತ ತಿಳಿಯೋಕೆ ಈ ಪ್ರೋಟೀನ್ ಹೇಗಿದೆ ಅಂತ ನೋಡಬೇಕು.

ಕೆಸಿಎನ್‌ಎಚ್2 ಜೀನ್ ಮಾಡಿಸುವ ಚಾನೆಲ್‌ಗೆ ನಾವು ಹರ್ಗ್ ಅಂತ ಕರೆಯುತ್ತೇವೆ. ಒಂದೊಂದು ತುಂಡು 1159 ಅಮೈನೋ ಆಮ್ಲಗಳ ಉದ್ದದ ಸರ. ಅಂಥ ನಾಲ್ಕು ತುಂಡು ಸುತ್ತ ಸೇರಿಕೊಂಡರೆ ಒಂದು ಚಾನೆಲ್. ಪ್ರತಿ ತುಂಡೂ ಕೋಶದ ಪೊರೆಯನ್ನು ಆರು ಸಲ ದಾಟುತ್ತದೆ, ಸೂಜಿಯಲ್ಲಿ ಬಟ್ಟೆ ಹೊಲಿದ ಹಾಗೆ ಒಳಗೆ ಹೊರಗೆ. ಈ ಆರರಲ್ಲಿ ನಾಲ್ಕನೆಯದರ ಮೇಲೆ ಧನ ವಿದ್ಯುದಂಶ ಇರುವ ಅಮೈನೋ ಆಮ್ಲಗಳು ಸಾಲಾಗಿ ಕೂತಿವೆ. ಪೊರೆಯ ಎರಡು ಬದಿಯ ವೋಲ್ಟೇಜ್ ಬದಲಾದಾಗ ಈ ಕಡ್ಡಿ ಜರುಗುತ್ತದೆ, ಅದರ ಎಳೆತಕ್ಕೆ ಬಾಗಿಲು ತೆರೆಯುತ್ತದೆ. ಐದನೆಯದು ಮತ್ತು ಆರನೆಯದು ಸೇರಿ ನಡುವಿನ ರಂಧ್ರ ಕಟ್ಟುತ್ತವೆ.

ಆ ರಂಧ್ರದ ಅತಿ ಕಿರಿದಾದ ಜಾಗ ಇದೆಯಲ್ಲ, ಅದು ನನಗೆ ಇವತ್ತಿಗೂ ಬೆರಗು. ಉದ್ದ ಸುಮಾರು 12 ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತ ಚೂರು ಹೆಚ್ಚು. ಜರಡಿ ಅಂದರೆ ಚಿಕ್ಕದು ಕೆಳಗೆ ಬೀಳಬೇಕು, ದೊಡ್ಡದು ಮೇಲೆ ಉಳಿಯಬೇಕು. ಇಲ್ಲಿ ಉಲ್ಟಾ. ದೊಡ್ಡದಾದ ಪೊಟ್ಯಾಸಿಯಂ ಅಯಾನು (ವಿದ್ಯುದಂಶ ಇರುವ ಪರಮಾಣು) ಸರಾಗವಾಗಿ ಹೋಗುತ್ತದೆ, ಅದಕ್ಕಿಂತ ಚಿಕ್ಕದಾದ ಸೋಡಿಯಂ ಹೋಗುವುದಿಲ್ಲ. ಯಾಕೆ? ನೀರಿನಲ್ಲಿರುವ ಅಯಾನು ಒಂಟಿಯಾಗಿ ಇರುವುದಿಲ್ಲ, ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಈ ಇಕ್ಕಟ್ಟಿನ ದಾರಿಗೆ ನುಗ್ಗಬೇಕಾದರೆ ಆ ನೀರನ್ನು ಕಳಚಿ ಬರಬೇಕು. ದಾರಿಯ ಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಎಂಟೆಂಟರಂತೆ ಪೊಟ್ಯಾಸಿಯಂನ ಅಳತೆಗೇ ಜೋಡಿಸಿಟ್ಟ ಹಾಗೆ ನಿಂತಿವೆ. ಪೊಟ್ಯಾಸಿಯಂಗೆ ಬಿಟ್ಟುಬಂದ ನೀರಿನಷ್ಟೇ ಆಸರೆ ಅಲ್ಲಿ ಸಿಗುತ್ತದೆ. ಚಿಕ್ಕದಾದ ಸೋಡಿಯಂಗೆ ಆ ಆಮ್ಲಜನಕಗಳು ಎಟುಕುವುದಿಲ್ಲ, ಹಾಗಾಗಿ ಅದು ನೀರು ಬಿಟ್ಟು ಬರುವುದೇ ಇಲ್ಲ. ಇಷ್ಟು ಕಟ್ಟುನಿಟ್ಟಾಗಿ ಆರಿಸಿಯೂ ಇಂಥ ಚಾನೆಲ್‌ಗಳಲ್ಲಿ ಸೆಕೆಂಡಿಗೆ ಲಕ್ಷಾಂತರದಿಂದ ಕೋಟ್ಯಂತರ ಅಯಾನುಗಳು ದಾಟಬಲ್ಲವು! ಇದನ್ನು ಮೊದಲು ಕಣ್ಣಾರೆ ಕಂಡಂತೆ ತೋರಿಸಿದ್ದು ರಾಡ್ರಿಕ್ ಮೆಕಿನಾನ್, 1998ರಲ್ಲಿ, ಒಂದು ಬ್ಯಾಕ್ಟೀರಿಯಾದ ಚಾನೆಲ್ ಇಟ್ಟುಕೊಂಡು. 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಮನುಷ್ಯನ ಹರ್ಗ್ ಚಾನೆಲ್‌ನ ರಚನೆ ಅವರದೇ ಲ್ಯಾಬಿನಿಂದ 2017ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಹೊರಬಂತು.

ಈಗ ನಿಮ್ಮ ಪಾಸ್ ಭಾಗ. ಅದು ಸರದ ಶುರುವಿನಲ್ಲಿ, ಕೋಶದ ಒಳಗಡೆ ನೇತಾಡುವ ಗಂಟು. ಚಿತ್ರದಲ್ಲಿ ನೀವು ನೋಡಿದ ಹಾಗೆ ರಂಧ್ರದಿಂದ ದೂರವೇ. ಆದರೆ ಅದರ ಕೆಲಸ ದೂರದ್ದಲ್ಲ. ಹರ್ಗ್‌ನ ವಿಶೇಷ ಏನಂದರೆ ಅದು ಬಾಗಿಲು ಮುಚ್ಚುವುದು ತುಂಬಾ ನಿಧಾನ. ಹೃದಯದ ಕೋಶ ಒಂದು ಬಡಿತಕ್ಕೆ ವಿದ್ಯುತ್ ಏರಿಸಿಕೊಂಡಾಗ ಹರ್ಗ್‌ನ ಬಾಗಿಲು ತೆರೆಯುತ್ತದೆ, ಆದರೆ ಅಷ್ಟರಲ್ಲೇ ಸೋಸುವ ಜಾಗ ಬಿಗಿದುಕೊಂಡು ದಾರಿ ಕಟ್ಟುತ್ತದೆ. ಕೋಶ ಶಾಂತವಾಗತೊಡಗಿದಾಗ ಆ ಬಿಗಿತ ಬೇಗ ಸಡಿಲವಾಗುತ್ತದೆ, ಬಾಗಿಲು ಮಾತ್ರ ಇನ್ನೂ ತೆರೆದೇ ಇರುತ್ತದೆ. ಆಗ ಪೊಟ್ಯಾಸಿಯಂ ಹೊರಗೆ ಹರಿದು ಕೋಶವನ್ನು ಮುಂದಿನ ಬಡಿತಕ್ಕೆ ಸಿದ್ಧ ಮಾಡುತ್ತದೆ. ಬಾಗಿಲನ್ನು ಅಷ್ಟು ಹೊತ್ತು ತೆರೆದಿಡಲು ನೆರವಾಗುವುದು ಇದೇ ಪಾಸ್ ಗಂಟು, ಪಕ್ಕದ ತುಂಡಿನ ಬಾಲಕ್ಕೆ ಒರಗಿಕೊಂಡು. ಅಲ್ಲಿ ಒಂದು ಅಮೈನೋ ಆಮ್ಲ ಬದಲಾಗಿ ಹಿಡಿತ ತಪ್ಪಿದರೆ ಬಾಗಿಲು ಬೇಗ ಮುಚ್ಚುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ, ಕೋಶ ಶಾಂತವಾಗಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಉದ್ದವಾಗಿ ಕಾಣುವುದು ಅದೇ ತಡ. ಆ ತಡದ ಹೊತ್ತಿನಲ್ಲಿ ಅಕಾಲ ಬಡಿತವೊಂದು ನುಗ್ಗಿದರೆ ಲಯ ತಪ್ಪುತ್ತದೆ, ಮಿದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ.

ಇನ್ನೊಂದು ದಾರಿಯೂ ಇದೆ, ನಿಜ ಹೇಳಬೇಕಂದರೆ ಅದೇ ಜಾಸ್ತಿ. ಈ ಜೀನ್‌ನಲ್ಲಿ ರೋಗ ತರುವ ಅಮೈನೋ ಆಮ್ಲದ ಬದಲಾವಣೆಗಳಲ್ಲಿ ಹೆಚ್ಚಿನವು ರಂಧ್ರವನ್ನು ಕೆಡಿಸುವುದೇ ಇಲ್ಲ. ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಕೋಶದ ಒಳಗೇ ಸಿಕ್ಕಿಕೊಳ್ಳುತ್ತದೆ, ಪೊರೆಗೆ ಬರುವುದೇ ಇಲ್ಲ. ಚಾನೆಲ್ ಕೆಟ್ಟಿದೆ ಅನ್ನೋದಕ್ಕಿಂತ ಚಾನೆಲ್ ಅಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ಲ್ಯಾಬ್‌ನಲ್ಲಿ ಇದು ಎದ್ದು ಕಾಣುತ್ತದೆ. ಕೋಶಗಳಿಂದ ಪ್ರೋಟೀನ್ ತೆಗೆದು ಜೆಲ್ ಮೇಲೆ ಓಡಿಸಿ ಬಣ್ಣ ಹಾಕಿದರೆ ಸರಿಯಾದ ಹರ್ಗ್‌ಗೆ ಎರಡು ಪಟ್ಟೆ ಬರುತ್ತವೆ: ಕೆಳಗೆ 135 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಂದು, ಅದು ಇನ್ನೂ ಹಣ್ಣಾಗದ್ದು, ಮೇಲೆ 155ರ ಹತ್ತಿರ ಇನ್ನೊಂದು, ಅದು ಸಕ್ಕರೆ ಸರ ಪೂರ್ತಿ ಮಾಡಿಕೊಂಡು ಪೊರೆಗೆ ಹೊರಟಿದ್ದು. ಕೆಟ್ಟ ಬದಲಾವಣೆಯಲ್ಲಿ ಮೇಲಿನ ಪಟ್ಟೆ ಮಾಯ, ಕೆಳಗಿನದು ಮಾತ್ರ ದಪ್ಪಗೆ ಕೂತಿರುತ್ತದೆ. ಅದೇ ಕೋಶಗಳನ್ನು 37 ಡಿಗ್ರಿ ಬದಲು 27 ಡಿಗ್ರಿಯಲ್ಲಿ ಬೆಳೆಸಿದರೆ ಕೆಲವು ಬದಲಾವಣೆಗಳಲ್ಲಿ ಮೇಲಿನ ಪಟ್ಟೆ ಮತ್ತೆ ಮೂಡುತ್ತದೆ! ತಂಪಿನಲ್ಲಿ ನಿಧಾನವಾಗಿ ಮಡಚಿಕೊಳ್ಳಲು ಅವಕಾಶ ಸಿಕ್ಕಿತು ಅಷ್ಟೇ. ಪಾಸ್ ಭಾಗದ ಹಲವು ಬದಲಾವಣೆಗಳು ಈ ಗುಂಪಿಗೇ ಸೇರುತ್ತವೆ. ಹಾಗಾಗಿ ದೂರ ಅಂತ ನಿರಾಳವಾಗಬೇಡಿ.

ಹಾಗಂತ ಎದೆಗುಂದಲೂ ಬೇಡಿ. ಪಾಸ್ ಭಾಗದಲ್ಲಿ ಏನೂ ತೊಂದರೆ ಮಾಡದ ಬದಲಾವಣೆಗಳೂ ಇರಬಹುದು. ಆಲ್ಫಾಫೋಲ್ಡ್ ಚಿತ್ರ ಇದನ್ನು ಹೇಳಲಾರದು. ಸರ ಹೇಗೆ ಮಡಚಿಕೊಳ್ಳುತ್ತದೆ ಅಂತ ಊಹಿಸುವುದರಲ್ಲಿ ಅದು ನಿಜಕ್ಕೂ ದೊಡ್ಡ ಸಾಧನೆ, 2024ರ ನೊಬೆಲ್ ಸಿಕ್ಕಿದ್ದು ಸುಮ್ನೆ ಅಲ್ಲ. ಆದರೆ ಒಂದು ಅಮೈನೋ ಆಮ್ಲ ಬದಲಾದರೆ ಪ್ರೋಟೀನ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಅಂತ ಅಳೆಯಲು ಅದನ್ನು ಮಾಡಿದ್ದಲ್ಲ. ಬದಲಾದ ಸರ ಕೊಟ್ಟರೂ ಹೆಚ್ಚು ಕಡಿಮೆ ಅದೇ ಸುಂದರ ಚಿತ್ರವನ್ನೇ ಬಿಡಿಸಿಕೊಡಬಹುದು. ನೀವು ನೋಡಿದ್ದು ಒಂದೇ ತುಂಡಿನ ಚಿತ್ರ ಇರಬೇಕು, ಅದೂ ಗಮನದಲ್ಲಿರಲಿ. ನಾಲ್ಕು ತುಂಡು ಸೇರಿದ ಮೇಲೆ ಯಾವುದು ಯಾವುದಕ್ಕೆ ತಾಗುತ್ತದೆ ಅನ್ನೋದು ಅದರಲ್ಲಿ ಕಾಣುವುದಿಲ್ಲ.

ನಾಲ್ಕು ತುಂಡಿನ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. 'ಒಂದು ಪ್ರತಿ ಸರಿಯಾಗಿದೆಯಲ್ಲ, ಅರ್ಧ ಚಾನೆಲ್ ಆದರೂ ಸರಿ ಇರಬೇಕಲ್ಲ' ಅಂತ ತುಂಬಾ ಜನ ಕೇಳುತ್ತಾರೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ, ಎರಡೂ ಸಮವಾಗಿ ತುಂಡು ಮಾಡುತ್ತವೆ ಅಂತಿಟ್ಟುಕೊಳ್ಳಿ. ಬದಲಾದ ತುಂಡು ಬೇರೆಯವುಗಳ ಜೊತೆ ಸೇರಿಕೊಳ್ಳುವಷ್ಟು ಚೆನ್ನಾಗಿದ್ದರೆ, ನಾಲ್ಕೂ ಸರಿಯಾಗಿರುವ ಚಾನೆಲ್ 16ರಲ್ಲಿ ಒಂದು ಮಾತ್ರ. ಒಂದು ತುಂಡು ಹಾಳಾದರೂ ಇಡೀ ಚಾನೆಲ್ ಹಾಳಾಗುವ ಹಾಗಿದ್ದರೆ ಉಳಿದ 15 ಹೋದವು. ಬದಲಾದ ತುಂಡು ಜೊತೆ ಸೇರಲಾರದಷ್ಟು ಕೆಟ್ಟಿದ್ದರೆ ಅರ್ಧ ಉಳಿಯುತ್ತದೆ. ಅಂದರೆ ಪೂರ್ತಿ ಕೆಟ್ಟ ತುಂಡಿಗಿಂತ ಅರ್ಧ ಕೆಟ್ಟ ತುಂಡೇ ಹೆಚ್ಚು ತೊಂದರೆ ಕೊಡಬಲ್ಲದು.

'ಅರ್ಥ ಖಚಿತವಿಲ್ಲದ ಬದಲಾವಣೆ' ಅಂದರೆ ಏನು? ಇದಕ್ಕೆ ಐದು ಮೆಟ್ಟಿಲು ಇವೆ: ನಿರಪಾಯ, ಬಹುಶಃ ನಿರಪಾಯ, ಖಚಿತವಿಲ್ಲ, ಬಹುಶಃ ರೋಗಕಾರಕ, ರೋಗಕಾರಕ. ನಿಮ್ಮದು ನಡುವಿನದು. ಅದು 'ಅರ್ಧ ಕೆಟ್ಟಿದೆ' ಅಂತ ಅಲ್ಲ, 'ಸ್ವಲ್ಪ ರೋಗ ಇದೆ' ಅಂತಲೂ ಅಲ್ಲ. ಯಾವ ಕಡೆಗೂ ಸಾಕಷ್ಟು ಪುರಾವೆ ಇಲ್ಲ ಅಂತ, ಅಷ್ಟೇ. ಪುರಾವೆ ಬಂದ ಹಾಗೆ ಅದು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದ ಲ್ಯಾಬನ್ನು ಕೇಳಿ. ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ.

ಪೊಟ್ಯಾಸಿಯಂ ವಿಷಯದಲ್ಲಿ ನಿಮ್ಮ ಊಹೆಯಲ್ಲಿ ಒಂದು ನಿಜ ಇದೆ. ಹೊರಗಡೆ ಪೊಟ್ಯಾಸಿಯಂ ಕಡಿಮೆಯಾದರೆ ಒಳಗಿಂದ ಹೊರಗೆ ಹರಿಯುವುದು ಜಾಸ್ತಿಯಾಗಬೇಕು ಅಲ್ವಾ? ಹರ್ಗ್‌ನಲ್ಲಿ ಹಾಗಾಗುವುದಿಲ್ಲ, ಹರಿವು ಕುಗ್ಗುತ್ತದೆ. ಹಾಗಾಗಿ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಲು ಬಿಡಬಾರದು ಅನ್ನೋದು ಸರಿ. ಆದರೆ ನೀವೇ ಮಾತ್ರೆಯೋ ಪುಡಿಯೋ ತಂದು ಕೊಡುವುದು ಬೇಡವೇ ಬೇಡ. ಪೊಟ್ಯಾಸಿಯಂ ಮಿತಿಮೀರಿ ಏರಿದರೂ ಹೃದಯ ನಿಲ್ಲಬಹುದು, ಮೂತ್ರಪಿಂಡದ ತೊಂದರೆ ಇದ್ದವರಿಗಂತೂ ಬೇಗ. ರಕ್ತ ಪರೀಕ್ಷೆ ನೋಡಿ ಡಾಕ್ಟರೇ ನಿರ್ಧರಿಸಲಿ. ಎಷ್ಟೇ ಪೊಟ್ಯಾಸಿಯಂ ಕೊಟ್ಟರೂ ಕೋಶದೊಳಗೆ ಸಿಕ್ಕಿಕೊಂಡ ಪ್ರೋಟೀನ್ ಮೇಲೆ ಬರುವುದಿಲ್ಲ.

ನೀವು ಕೇಳದೇ ಇರುವ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಬೇರೆ ಔಷಧಿಗಳದ್ದು. ಹರ್ಗ್‌ನ ರಂಧ್ರದ ಒಳಗೆ, ಸೋಸುವ ಜಾಗದ ಕೆಳಗೆ, ಒಂದು ಪೊಳ್ಳು ಇದೆ. ಅದರ ಗೋಡೆಯಲ್ಲಿ 652ನೇ ಜಾಗದ ಟೈರೋಸಿನ್, 656ನೇ ಜಾಗದ ಫಿನೈಲ್‌ಅಲನಿನ್, ನಾಲ್ಕು ತುಂಡಿಗೆ ಸೇರಿ ಎಂಟು ಉಂಗುರಗಳು ಒಳಮುಖವಾಗಿ ನಿಂತಿವೆ. ಎಷ್ಟೋ ಔಷಧಿಗಳ ಅಣುಗಳಿಗೆ ಈ ಉಂಗುರಗಳು ಅಂಟಿಕೊಳ್ಳಲು ಹೇಳಿ ಮಾಡಿಸಿದ ಜಾಗ. ಒಂದಕ್ಕೊಂದು ಸಂಬಂಧವೇ ಇಲ್ಲದ ಔಷಧಿಗಳು, ಅಲರ್ಜಿಯದ್ದು, ಹೊಟ್ಟೆಯದ್ದು, ಸೋಂಕಿನದ್ದು, ಮನೋರೋಗದ್ದು, ಎಲ್ಲವೂ ಬಂದು ಇಲ್ಲೇ ಕೂರುತ್ತವೆ. ಲ್ಯಾಬ್‌ನಲ್ಲಿ ಒಂದು ಕೋಶಕ್ಕೆ ಮೈಕ್ರಾನ್ ಅಳತೆಯ ತುದಿಯ ಗಾಜಿನ ಕೊಳವೆ ಒತ್ತಿಟ್ಟು ಹರ್ಗ್‌ನ ವಿದ್ಯುತ್ತನ್ನು ಅಳೆಯುತ್ತಿರುತ್ತೇವೆ. ಪರದೆಯ ಮೇಲೆ ಪ್ರತಿ ಸಲವೂ ಕೊನೆಯಲ್ಲಿ ಒಂದು ಗುಡ್ಡ ಏಳುತ್ತದೆ. ಟರ್ಫೆನಾಡಿನ್ ಅನ್ನುವ ಹಳೇ ಅಲರ್ಜಿ ಔಷಧಿಯ ತೆಳ್ಳಗಿನ ದ್ರಾವಣ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಆ ಗುಡ್ಡ ಕರಗುತ್ತಾ ಕರಗುತ್ತಾ ನೆಲಕ್ಕೆ ಮಟ್ಟವಾಗುತ್ತದೆ. ಎಷ್ಟು ಸಲ ನೋಡಿದರೂ ಆ ಗೆರೆ ಚಪ್ಪಟೆಯಾಗುವಾಗ ಮೈ ಜುಮ್ಮೆನ್ನುತ್ತದೆ, ಯಾಕಂದರೆ ಆ ಔಷಧಿಯನ್ನು ಜನ ಸೀನು ಬಂತು ಅಂತ ನುಂಗುತ್ತಿದ್ದರು. ಟರ್ಫೆನಾಡಿನ್, ಅಸ್ಟೆಮಿಜೋಲ್, ಸಿಸಾಪ್ರೈಡ್ ಮೂರನ್ನೂ ಅಮೆರಿಕದಲ್ಲಿ 1998ರಿಂದ 2000ದೊಳಗೆ ಮಾರುಕಟ್ಟೆಯಿಂದ ತೆಗೆದರು. ಹೊಸ ಔಷಧಿಗಳನ್ನು ಮನುಷ್ಯರಿಗೆ ಕೊಡುವ ಮೊದಲು ಈ ಚಾನೆಲ್ ಮೇಲೆ ಪರೀಕ್ಷಿಸುವ ಪದ್ಧತಿ ಗಟ್ಟಿಯಾಗಿದ್ದು ಇಂಥ ಸಾವುಗಳ ಪಾಠದಿಂದ.

ತಂಗಿಯ ಹರ್ಗ್ ಚಾನೆಲ್‌ಗಳು ಮೊದಲೇ ಕಡಿಮೆ ಇದ್ದರೆ, ಇರುವವನ್ನೂ ಒಂದು ಔಷಧಿ ಕಟ್ಟಿಹಾಕಿದರೆ ಏನಾಗಬಹುದು ಅಂತ ನೀವೇ ಊಹಿಸಿ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಹ್ಯಾಲೊಪೆರಿಡಾಲ್, ಕ್ಲೋರೋಕ್ವಿನ್, ವಾಂತಿಗೆ ಕೊಡುವ ಡೊಂಪೆರಿಡೋನ್, ಆಂಡಾನ್ಸೆಟ್ರಾನ್, ಇವೆಲ್ಲ ಕ್ಯೂಟಿ ಉದ್ದ ಮಾಡಬಲ್ಲವು. ನನಗೆ ತೀರಾ ಕಳವಳ ತರುವ ಸನ್ನಿವೇಶ ತುಂಬಾ ಸಾಮಾನ್ಯವಾದದ್ದು: ವಾಂತಿ ಭೇದಿ ಶುರುವಾಗುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ, ನುಂಗಿದ ಬೀಟಾ ಬ್ಲಾಕರ್ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದೇ ಹೊತ್ತಿಗೆ ವಾಂತಿ ನಿಲ್ಲಲಿ ಅಂತ ಇದೇ ಚಾನೆಲ್‌ಗೆ ಅಡ್ಡ ಬರುವ ಮಾತ್ರೆ ಒಳಗೆ ಹೋಗುತ್ತದೆ. ನಾಲ್ಕೂ ಒಂದೇ ದಿನ. ವಾಂತಿ ಭೇದಿಯಾದರೆ ಮನೆಯಲ್ಲಿ ಕಾಯದೆ ಡಾಕ್ಟರಿಗೆ ತಿಳಿಸಿ, ಮೊದಲ ವಾಕ್ಯದಲ್ಲೇ ಲಾಂಗ್ ಕ್ಯೂಟಿ ಇದೆ ಅಂತ ಹೇಳಿ. ಇಂಥ ಔಷಧಿಗಳ ಪಟ್ಟಿ ಕ್ರೆಡಿಬಲ್‌ಮೆಡ್ಸ್ ಅನ್ನುವ ಜಾಲತಾಣದಲ್ಲಿದೆ, ಆಗಾಗ ಹೊಸದಾಗುತ್ತಿರುತ್ತದೆ. ತಂಗಿಯ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ತೋರಿಸಿ.

ಅಲಾರಂ ವಿಷಯ. ಹರ್ಗ್ ತೊಂದರೆಯಲ್ಲಿ ಹಠಾತ್ ಸದ್ದು, ಬೆಚ್ಚಿಬೀಳುವುದು ಹೆಸರುವಾಸಿಯಾದ ಪ್ರಚೋದನೆ. ಕೆಸಿಎನ್‌ಕ್ಯೂ1 ಅನ್ನುವ ಇನ್ನೊಂದು ಜೀನ್‌ನಿಂದ ಬರುವ ಲಾಂಗ್ ಕ್ಯೂಟಿಯಲ್ಲಿ ಓಟ, ಈಜು ಜಾಸ್ತಿ. ಸೋಡಿಯಂ ಚಾನೆಲ್‌ನ ಬಗೆಯಲ್ಲಿ ನಿದ್ದೆ, ವಿಶ್ರಾಂತಿ. ಹಾಗಾಗಿ ತಂಗಿ ಬಿದ್ದ ರೀತಿ ಈ ಜೀನ್‌ನ ಕಡೆಗೇ ಬೊಟ್ಟು ಮಾಡುತ್ತದೆ, ರಿಪೋರ್ಟ್ ಅನುಮಾನದಲ್ಲಿದ್ದರೂ. ಹಾಸಿಗೆಯ ಪಕ್ಕದ ಜೋರು ಅಲಾರಂ ತೆಗೆಯಿರಿ. ನಿಧಾನವಾಗಿ ಏರುವ ಬೆಳಕಿನದ್ದೋ ಮೆಲ್ಲಗೆ ಅದುರುವುದೋ ಇಡಿ. ರಾತ್ರಿ ಫೋನ್ ರಿಂಗ್ ಆಗದ ಹಾಗೆ ಮಾಡಿ. ಮುಂದೆ ಗರ್ಭಿಣಿಯಾದರೆ ಹೃದ್ರೋಗ ತಜ್ಞರಿಗೆ ಮೊದಲೇ ತಿಳಿಸಬೇಕು, ಈ ಬಗೆಯಲ್ಲಿ ಹೆರಿಗೆಯ ನಂತರದ ತಿಂಗಳುಗಳಲ್ಲಿ ಅಪಾಯ ಏರುತ್ತದೆ.

ಚಿಕಿತ್ಸೆಯಲ್ಲಿ ಮುಂದಿನ ದಾರಿಗಳು ಹೀಗಿವೆ. ಬೀಟಾ ಬ್ಲಾಕರ್ ಮುಂದುವರಿಸುವುದು ಮೊದಲನೆಯದು. ಅದು ಚಾನೆಲ್‌ ಅನ್ನು ರಿಪೇರಿ ಮಾಡುವುದಿಲ್ಲ, ಅಡ್ರಿನಾಲಿನ್ನಿನ ಹೊಡೆತ ತಗ್ಗಿಸುತ್ತದೆ. ನಡೊಲಾಲ್, ಪ್ರೊಪ್ರನೊಲಾಲ್ ಎರಡನ್ನು ತಜ್ಞರು ಹೆಚ್ಚು ನೆಚ್ಚುತ್ತಾರೆ. ಸುಸ್ತು, ತಲೆಸುತ್ತು ಬರಬಹುದು, ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಮತ್ತೆ ಬಿದ್ದರೆ ಲಯ ತಪ್ಪಿದಾಗ ಶಾಕ್ ಕೊಟ್ಟು ಸರಿಮಾಡಲು ಎದೆಯೊಳಗೆ ಇಡುವ ಐಸಿಡಿ ಯಂತ್ರದ ಮಾತು, ಅಥವಾ ಹೃದಯಕ್ಕೆ ಹೋಗುವ ಎಡಗಡೆಯ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಐಸಿಡಿ ಜೀವ ಉಳಿಸುತ್ತದೆ ನಿಜ. ಆದರೆ ಸೋಂಕು, ತಂತಿ ಕೆಡುವುದು, ಬೇಡದ ಹೊತ್ತಲ್ಲಿ ಶಾಕ್ ಹೊಡೆಯುವುದು, ಇವೂ ಅದರ ಜೊತೆಗೇ ಬರುತ್ತವೆ. 24ರ ವಯಸ್ಸಿಗೆ ಸುಮ್ನೆ 'ಇರಲಿ' ಅಂತ ಹಾಕಿಸುವ ವಸ್ತು ಅಲ್ಲ. ಮಡಚಿಕೆ ಸರಿಮಾಡುವ ಔಷಧಿ ಇಲ್ಲವೇ ಅಂತ ಕೇಳಬಹುದು. ಸಿಸ್ಟಿಕ್ ಫೈಬ್ರೋಸಿಸ್ ತರುವ ಕ್ಲೋರೈಡ್ ಚಾನೆಲ್‌ಗೆ ಅಂಥದ್ದು ಬಂದಿದೆ, ಬಹಳ ಜನರ ಬದುಕೇ ಬದಲಾಗಿದೆ. ಹರ್ಗ್‌ನಲ್ಲಿ ಸಂಕಟ ಏನಂದರೆ ಲ್ಯಾಬ್‌ನಲ್ಲಿ ಅದನ್ನು ಮೇಲಕ್ಕೆ ತರುವ ಎಷ್ಟೋ ಅಣುಗಳು ಅದೇ ಪೊಳ್ಳಿಗೆ ಹೋಗಿ ಕೂರುತ್ತವೆ. ಪೊರೆಗೆ ತಂದು ನಿಲ್ಲಿಸಿ, ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

ತಂಗಿಯ ಬದಲಾವಣೆಯನ್ನು ಲ್ಯಾಬ್‌ನಲ್ಲಿ ಕೋಶಗಳಿಗೆ ಹಾಕಿ ಅಳೆಯಬಹುದು. ಸಂಶೋಧನೆ ಮಾಡುವ ಕಡೆ ನಿಮ್ಮ ಡಾಕ್ಟರ ಮೂಲಕ ಕೇಳಿ ನೋಡಿ. ವಿದ್ಯುತ್ ಚೆನ್ನಾಗಿ ಕುಗ್ಗಿದ್ದು ಕಂಡರೆ ಅದು ಒಳ್ಳೆಯ ಪುರಾವೆ, ರಿಪೋರ್ಟ್ ಮೇಲಿನ ಮೆಟ್ಟಿಲಿಗೆ ಹೋಗಲು ನೆರವಾಗುತ್ತದೆ. ಏನೂ ಕಾಣದಿದ್ದರೆ ಮಾತ್ರ ಎಚ್ಚರ. ನಾವು ಬಳಸುವ ಕೋಶ ಹೃದಯದ ಕೋಶವಲ್ಲ, ಅಲ್ಲಿ ಸರಿ ಕಂಡದ್ದು ಹೃದಯದಲ್ಲೂ ಸರಿ ಅಂತ ಅದೊಂದನ್ನೇ ನಂಬಿ ಮಾತ್ರೆ ಬಿಡಿಸಲಾಗದು.

ಕೊನೆಯದು ನಿಮ್ಮದೇ ಪ್ರಶ್ನೆ. ಈ ರೋಗ ಇದ್ದವರ ಒಡಹುಟ್ಟಿದವರಿಗೆ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಆದರೂ ಈಗ ನಿಮಗೆ ಬೇಕಾಗಿರುವುದು ಜೀನ್ ಪರೀಕ್ಷೆ ಅಲ್ಲ, ಇಸಿಜಿ. ಬದಲಾವಣೆಯ ಅರ್ಥವೇ ಖಚಿತವಿಲ್ಲದಿರುವಾಗ ಅದು ನಿಮ್ಮಲ್ಲಿ ಇಲ್ಲ ಅಂತ ಬಂದರೆ ನೀವು ಪಾರಾದಿರಿ ಅನ್ನಲಾಗದು, ಇದೆ ಅಂತ ಬಂದರೆ ರೋಗಿ ಅನ್ನಲೂ ಆಗದು. ನೀವು, ಅಪ್ಪ, ಅಮ್ಮ ಮೂವರೂ ಇಸಿಜಿ ಮಾಡಿಸಿ, ಮಲಗಿ ಒಂದು, ಎದ್ದು ನಿಂತ ತಕ್ಷಣ ಇನ್ನೊಂದು. ಕ್ಯೂಟಿಯನ್ನು ಯಂತ್ರ ಮುದ್ರಿಸಿದ ಅಂಕಿಗೆ ಬಿಡದೆ ಹೃದ್ರೋಗ ತಜ್ಞರು ಕೈಯಲ್ಲಿ ಅಳೆಯಲಿ. ಯಾರದ್ದಾದರೂ ಉದ್ದ ಬಂದರೆ, ಆಗ ಆ ಬದಲಾವಣೆ ಅವರಲ್ಲೂ ಇದೆಯಾ ಅಂತ ನೋಡುವುದಕ್ಕೆ ಅರ್ಥ ಬರುತ್ತದೆ: ಉದ್ದ ಇರುವವರಲ್ಲೆಲ್ಲ ಇದ್ದು, ಇಲ್ಲದವರಲ್ಲಿ ಇಲ್ಲ ಅಂತಾದರೆ ರಿಪೋರ್ಟ್‌ನ ಮೆಟ್ಟಿಲು ಬದಲಾಗಲು ಅದೇ ಗಟ್ಟಿ ಆಧಾರವಾಗಬಹುದು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ ತೀರಿಕೊಂಡಿದ್ದರೆ, ನೀರಲ್ಲಿ ಮುಳುಗಿದ್ದರೆ, ಮೂರ್ಛೆ ರೋಗ ಅಂತ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮನೆಯಲ್ಲಿ ಯಾರದ್ದಾದರೂ ಹಳೇ ಇಸಿಜಿ ಕಾಗದ ಇದ್ದರೆ ಎಸೆಯಬೇಡಿ, ಅದೂ ಜೊತೆಗಿರಲಿ.